ಜಿಗರಿ-ಪೋಕರಿ: ಈ ಇಂಗ್ಲಿಷ್ ಪದವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಮುಂಬಯಿ ಕನ್ನಡಿಗರ ಕಿವಿಗೆ ಈ ಪದ ಮೊದಲ ಸಲ ಇಂಗ್ಲಿಷಿನಂತೆ ಕೇಳಿಸುವುದೇ ಇಲ್ಲ. ‘ಜಿಗ್ರಿ’ ಎಂದರೆ ಇಲ್ಲಿ ಜಿಗ್ರಿ ದೋಸ್ತ್, ಪ್ರಾಣಸ್ನೇಹಿತ. ‘ಪೋಕರಿ’ ಊರಿಂದ ಬಂದ ಪದ, ಉಡಾಳ. ಎರಡನ್ನೂ ಕೂಡಿಸಿದರೆ ‘ದೋಸ್ತಿಯ ಉಡಾಳ’ ಎಂದೇನೋ ಆಗುತ್ತದೆ. ಹಾಗಾಗಿ ಲಂಡನ್ ಕಚೇರಿಯಿಂದ ಬಂದ ಮೇಲ್‌ನಲ್ಲಿ ‘ಸಮ್ ಜಿಗರಿ-ಪೋಕರಿ ಇನ್ ದ ಅಕೌಂಟ್ಸ್’ ಎಂದು ಕಂಡಾಗ, ಬೈದದ್ದೋ ತಮಾಷೆ ಮಾಡಿದ್ದೋ ಗೊತ್ತಾಗದೆ ತಲೆ ಕೆರೆದುಕೊಳ್ಳುವವರೇ ಹೆಚ್ಚು.

ಅದು ಬೈಗುಳವಲ್ಲ, ಬರೀ ತಮಾಷೆಯೂ ಅಲ್ಲ. ಕೈಯಾಡಿಸಿ, ಅತ್ತಲಿನದನ್ನು ಇತ್ತ ಸರಿಸಿ, ಎಲ್ಲ ಸರಿಯಾಗಿದೆ ಎಂದು ಕಾಣುವಂತೆ ಮಾಡಿಟ್ಟ ಕಿತಾಪತಿಗೆ ಇಂಗ್ಲೆಂಡಿನವರು ಆಡುವ ಮಾತು ಅದು. ಮುಂಬಯಿಯ ಬೀದಿ ಹಿಂದಿಯಲ್ಲಿ ‘ಕುಛ್ ತೋ ಝೋಲ್ ಹೈ’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಝೋಲ್ ಗೊತ್ತಿದ್ದವರಿಗೆ ಅರ್ಥದ ಮುಕ್ಕಾಲು ಭಾಗ ಗೊತ್ತಿದ್ದಂತೆಯೇ. ಉಳಿದ ಕಾಲು ಭಾಗದಲ್ಲೇ ಜನ ಎಡವುವುದು.

ಕಾಗುಣಿತ ಮತ್ತು ಉಚ್ಚಾರ

ಮೊದಲ ತುಂಡಿಗೆ ಏಳು ಅಕ್ಷರ: ಜೆ, ಐ, ಜಿ, ಜಿ, ಇ, ಆರ್, ವೈ. ನಡುವೆ ಒಂದು ಅಡ್ಡಗೆರೆ. ಎರಡನೆಯದಕ್ಕೆ ಆರು: ಪಿ, ಓ, ಕೆ, ಇ, ಆರ್, ವೈ. ಅಡ್ಡಗೆರೆ ಬಿಡಬೇಡಿ. ‘ಜಿಗರಿ’ಯನ್ನಾಗಲಿ ‘ಪೋಕರಿ’ಯನ್ನಾಗಲಿ ಇಂಗ್ಲಿಷಿನಲ್ಲಿ ಯಾರೂ ಒಂಟಿಯಾಗಿ ಬಳಸುವುದಿಲ್ಲ, ‘ಗಡಿಬಿಡಿ’ಯಿಂದ ‘ಗಡಿ’ಯನ್ನು ಕಿತ್ತರೆ ಬೇರೆಯೇ ಪದವಾಗುತ್ತದಲ್ಲ, ಹಾಗೆ.

ಇಲ್ಲಿ ಆಗುವ ದೊಡ್ಡ ಅನಾಹುತ ಒಂದೇ ಅಕ್ಷರದ್ದು. ಐ ಇರಬೇಕಾದಲ್ಲಿ ಎ ಬಿದ್ದರೆ ‘ಜ್ಯಾಗರಿ’, ಅಂದರೆ ಬೆಲ್ಲ. ಫೋನಿನ ಕೀಲಿಮಣೆಗೆ ಬೆಲ್ಲದ ಪರಿಚಯ ಇರುತ್ತದೆ, ಕಿತಾಪತಿಯದ್ದು ಇರುವುದಿಲ್ಲ. ನೀವು ಸರಿಯಾಗಿ ಒತ್ತಿದರೂ ಅದೇ ತಿದ್ದಿ ಬೆಲ್ಲ ಮಾಡಿ ಕಳಿಸುವ ಸಾಧ್ಯತೆ ಉಂಟು. ‘ಲೆಕ್ಕದಲ್ಲಿ ಬೆಲ್ಲ ನಡೆದಿದೆ’ ಎಂದು ಹೌಸಿಂಗ್ ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿಗೆ ಹೋದರೆ ಆಮೇಲೆ ಯಾವ ವಿವರಣೆಯೂ ಕೆಲಸಕ್ಕೆ ಬಾರದು. ಕಳಿಸುವ ಮುನ್ನ ಎರಡನೇ ಅಕ್ಷರವನ್ನು ನೋಡಿ, ಅಷ್ಟು ಸಾಕು. (ಬೆಲ್ಲದ ಆ ಇಂಗ್ಲಿಷ್ ಹೆಸರೂ ನಮ್ಮ ಕಡೆಯದೇ. ಸಂಸ್ಕೃತದ ಶರ್ಕರಾ ದಕ್ಷಿಣದ ಭಾಷೆಗಳ ಬಾಯಲ್ಲಿ ಸಕ್ಕರೆ, ಚಕ್ಕರ ಎಂದಾಗಿ, ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ದಾಟಿತು. ಜಿಗರಿಗೂ ಅದಕ್ಕೂ ನಂಟಿಲ್ಲ.)

ಉಚ್ಚಾರಕ್ಕೆ ನಮ್ಮವರಿಗೆ ಒಂದು ಅನುಕೂಲವಿದೆ. ಜಿ-ಗ-ರಿ ಮೂರು ಲಘು, ಪೋ-ಕ-ರಿ ಒಂದು ಗುರು ಎರಡು ಲಘು. ಮೂರು ಮಾತ್ರೆ, ನಾಲ್ಕು ಮಾತ್ರೆ. ಅಂದರೆ ಭಾಮಿನಿ ಷಟ್ಪದಿಯ ನಡೆ. ಯಕ್ಷಗಾನದ ಪದ್ಯ ಕೇಳಿ ಬೆಳೆದವರಿಗೆ, ಮಿಶ್ರಛಾಪುವಿಗೆ ‘ತಕಿಟ ತಕಧಿಮಿ’ ಎಂದು ತಾಳ ಹಾಕಿದವರಿಗೆ, ಇದನ್ನು ಕಲಿಸಬೇಕಾಗಿಯೇ ಇಲ್ಲ. ಮೊದಲ ಮೂರನ್ನು ಹಗುರವಾಗಿ ಓಡಿಸಿ, ‘ಪೋ’ ಮೇಲೆ ಭಾರ ಹಾಕಿ, ಕೊನೆಯ ಎರಡನ್ನು ಬಿಟ್ಟುಬಿಡಿ. ‘ಜಿ’ ಮೇಲೆ ಒತ್ತು ಹಾಕಿ ‘ಜೀಗರಿ’ ಎಂದು ಎಳೆದರೆ, ಅಥವಾ ನಡುವಿನ ‘ಗ’ ನುಂಗಿ ದೋಸ್ತಿಯ ‘ಜಿಗ್ರಿ’ ಮಾಡಿದರೆ, ಕೇಳುವ ಇಂಗ್ಲಿಷರಿಗೆ ತಾಳ ತಪ್ಪುತ್ತದೆ. ಈ ಪದದ ಅರ್ಧ ಕೆಲಸವನ್ನು ಮಾಡುವುದು ಅದರ ತಾಳವೇ.

ಎಲ್ಲಿಂದ ಬಂತು

ಇಸ್ಪೀಟಿನ ಪೋಕರ್‌ನಿಂದಲ್ಲ, ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯಿಂದಲೂ ಅಲ್ಲ. ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ‘ಜೂಕರಿ-ಪಾಕರಿ’ ಎಂದು ಇದಕ್ಕಿಂತ ಹಳೆಯ ರೂಪವೊಂದಿತ್ತು. ಅಲ್ಲಿ ‘ಜೂಕ್’ ಎಂದರೆ ಏಟು ಬೀಳುವ ಹೊತ್ತಿಗೆ ಸರಕ್ಕನೆ ಬಗ್ಗಿ ತಪ್ಪಿಸಿಕೊಳ್ಳುವುದು. ‘ಪಾಕ್’ ಎಂದರೆ ಚಾಲಾಕಿತನ, ಯುಕ್ತಿ. ಅದು ಇಂಗ್ಲೆಂಡಿಗೆ ಇಳಿದು, 19ನೇ ಶತಮಾನದಲ್ಲಿ ಈಗಿನ ಆಕಾರಕ್ಕೆ ಬಂತು. ಈ ಮೂಲ ನೆನಪಿದ್ದರೆ ಬಳಕೆಯಲ್ಲಿ ತಪ್ಪು ಕಡಿಮೆ: ಪದದ ಬೇರಿನಲ್ಲಿರುವುದು ಕದಿಯುವುದಲ್ಲ, ನುಣುಚಿಕೊಳ್ಳುವುದು.

ಇದು ಜಿಗರಿ-ಪೋಕರಿಯೇ ಎಂದು ಗುರುತಿಸುವುದು

ಒಂದು ಉಡುಪಿ ಹೋಟೆಲಿನ ದಾಸ್ತಾನು ಪುಸ್ತಕವನ್ನು ಹತ್ತಿರದಿಂದ ನೋಡೋಣ. ಮಾರ್ಚ್ 31ರ ರಾತ್ರಿ ಮುಕ್ತಾಯದ ದಾಸ್ತಾನು: 15 ಕೆಜಿಯ ಎಣ್ಣೆ ಡಬ್ಬ 14. ಏಪ್ರಿಲ್ 1ರ ಬೆಳಗ್ಗೆ ಹೊಸ ಪುಸ್ತಕದಲ್ಲಿ ಆರಂಭದ ದಾಸ್ತಾನು: 12. ಶಟರ್ ಎಳೆದ ಮೇಲೆ ಎರಡು ಡಬ್ಬ, ಅಂದರೆ 30 ಕೆಜಿ ಎಣ್ಣೆ, ಎಲ್ಲಿಗೆ ಹೋಯಿತು?

ಯಾರೋ ಹೊತ್ತುಕೊಂಡು ಹೋಗಿದ್ದರೆ ಅದು ಕಳ್ಳತನ. ಬರೆಯುವವ 14ರ ಬದಲು 12 ಎಂದು ಕೈತಪ್ಪಿ ಬರೆದಿದ್ದರೆ ತಪ್ಪು, ಅಷ್ಟೆ. ಆದರೆ ಮಾರ್ಚ್‌ನ ಪುಟಗಳನ್ನು ಮಗುಚುತ್ತಾ ಹೋದಂತೆ ನಾಲ್ಕು ಕಡೆ ‘ಸೋರಿಕೆ’ ಎಂದು ಐದೈದು ಕೆಜಿ, ಎರಡು ಕಡೆ ‘ಸಿಬ್ಬಂದಿ ಊಟ’ ಎಂದು ಐದೈದು ಕೆಜಿ ಸಿಕ್ಕಿತು ಎನ್ನಿ. ಒಟ್ಟು ಮೂವತ್ತು. ಆ ಆರೂ ಸಾಲಿನ ಶಾಯಿ ಒಂದೇ ಬಣ್ಣ, ಪುಟದ ಉಳಿದ ಶಾಯಿಗಿಂತ ಬೇರೆ. ಈಗ ಅದು ಜಿಗರಿ-ಪೋಕರಿ. ಎಣ್ಣೆ ಹೋದದ್ದಕ್ಕಲ್ಲ, ಹೋದದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಬೇರೆ ಬೇರೆ ಪುಟದಲ್ಲಿ ಹೂತು, ಕೂಡಿಸಿದಾಗ ಲೆಕ್ಕ ಸರಿಬರುವಂತೆ ಮಾಡಿದ್ದಕ್ಕೆ ಆ ಹೆಸರು.

ಸಂದೇಹವಿದ್ದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಯಾರಾದರೂ ಏನನ್ನಾದರೂ ಕೈಯಾರೆ ಸರಿಸಿದ್ದಾರೆಯೆ, ತಿರುಚಿದ್ದಾರೆಯೆ, ಹೆಸರು ಬದಲಿಸಿದ್ದಾರೆಯೆ? ಹೇಗೆ ಮಾಡಿದರು ಎಂಬುದು ಹೊರಗಿನವರಿಗೆ ಸುಲಭಕ್ಕೆ ಕಾಣದಂತಿದೆಯೆ? ನೀವು ಹೇಳುವ ಧಾಟಿಯಲ್ಲಿ ಅನುಮಾನದ ಜೊತೆ ಸ್ವಲ್ಪ ಕೊಂಕುನಗೆ ಇದೆಯೆ? ಮೂರಕ್ಕೂ ಹೌದಾದರೆ ಪದ ಕೂರುತ್ತದೆ. ಮೂರನೆಯದಕ್ಕೆ ಅಲ್ಲ ಎಂದಾದರೆ, ಅಂದರೆ ನಿಮಗೆ ನಿಜವಾಗಿ ಸಿಟ್ಟು ಬಂದಿದ್ದರೆ, ಬೇರೆ ಪದ ಹುಡುಕಿ.

ಹೌಸಿಂಗ್ ಸೊಸೈಟಿಯ ಬಿಲ್ಲಿನಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟ ಮಾಲೀಕರಿಂದ ಸೊಸೈಟಿಯು ‘ನಾನ್-ಆಕ್ಯುಪೆನ್ಸಿ ಚಾರ್ಜ್’ ಎಂದು ತೆಗೆದುಕೊಳ್ಳುವ ಹಣ ಸರ್ವಿಸ್ ಚಾರ್ಜಿನ ಶೇ 10ನ್ನು ಮೀರುವಂತಿಲ್ಲ. 2001ರಿಂದ ಈ ಮಿತಿ ಇದೆ. ಸರ್ವಿಸ್ ಚಾರ್ಜ್ 3,000 ರೂಪಾಯಿ ಎಂದಾದರೆ ಮಿತಿ 300. ಕಮಿಟಿಯವರು ಬಿಲ್ಲಿನಲ್ಲಿ ರಾಜಾರೋಷವಾಗಿ 750 ಎಂದು ಹಾಕಿದರೆ ಅದು ನಿಯಮ ಮೀರಿದ ವಸೂಲಿ. ಅದಕ್ಕೆ ‘ಓವರ್‌ಚಾರ್ಜಿಂಗ್’ ಎನ್ನಿ, ಮುಗಿಯಿತು. ಬದಲಿಗೆ ಆ ಸಾಲಿನಲ್ಲಿ ಅಚ್ಚುಕಟ್ಟಾಗಿ 300 ಹಾಕಿ, ನಾಲ್ಕು ಸಾಲು ಕೆಳಗೆ ‘ಮಿಸಲೇನಿಯಸ್ 450’ ಎಂದು, ಅದೂ ಬಾಡಿಗೆ ಫ್ಲ್ಯಾಟುಗಳ ಬಿಲ್ಲಿಗೆ ಮಾತ್ರ ಹಾಕಿದ್ದರೆ? ಮೊತ್ತ ಅದೇ 750. ಆದರೆ ಮೊದಲನೆಯದರಲ್ಲಿ ಕೈಯಾಟವಿಲ್ಲ, ಎರಡನೆಯದರಲ್ಲಿದೆ.

ವಾಕ್ಯದೊಳಗೆ ಕೂರಿಸುವುದು

ಇದು ಎಣಿಕೆಗೆ ಸಿಗದ ನಾಮಪದ. ಹಾಲು, ಅಕ್ಕಿ, ಗಲಾಟೆ ಇದ್ದಂತೆ. ಆದ್ದರಿಂದ ‘ಎ ಜಿಗರಿ-ಪೋಕರಿ’ ಇಲ್ಲ, ‘ಟೂ ಜಿಗರಿ-ಪೋಕರೀಸ್’ ಅಂತೂ ಇಲ್ಲವೇ ಇಲ್ಲ. ‘ಸಮ್’, ‘ಎ ಬಿಟ್ ಆಫ್’, ‘ಎ ಲಾಟ್ ಆಫ್’, ‘ನೋ’, ‘ಎನಿ’ ಇವುಗಳಲ್ಲಿ ಒಂದನ್ನು ಮುಂದೆ ಇಡಿ. ಒಂದು ನಿರ್ದಿಷ್ಟ ಕಿತಾಪತಿಯನ್ನೇ ಬೆರಳಿಟ್ಟು ತೋರಿಸಬೇಕಾದರೆ ‘ಎ ಪೀಸ್ ಆಫ್ ಜಿಗರಿ-ಪೋಕರಿ’.

ಹೆಚ್ಚು ಓಡಾಡುವ ಅಚ್ಚು ಇದು: ‘ದೇರ್ ಈಸ್ ಸಮ್ ಜಿಗರಿ-ಪೋಕರಿ ಗೋಯಿಂಗ್ ಆನ್.’ ಯಾವುದರಲ್ಲಿ ಎಂದು ಹೇಳಬೇಕಿದ್ದರೆ ‘ವಿತ್’ ಸೇರಿಸಿ: ‘ವಿತ್ ದ ಮೀಟರ್’, ‘ವಿತ್ ದ ಆಯಿಲ್ ಸ್ಟಾಕ್’, ‘ವಿತ್ ದ ಮಿನಿಟ್ಸ್’. ಮುಗಿದುಹೋದ ಸಂಗತಿಯಾದರೆ ‘ದೇರ್ ಹ್ಯಾಸ್ ಬೀನ್’. ಮಾಡುವವರನ್ನು ಹೆಸರಿಸಲೇಬೇಕಾದರೆ ‘ದೇ ಆರ್ ಅಪ್ ಟು ಸಮ್ ಜಿಗರಿ-ಪೋಕರಿ’. ಇಲ್ಲಿ ನಮ್ಮವರು ‘ಕಿತಾಪತಿ ಮಾಡುತ್ತಿದ್ದಾರೆ’ ಎಂಬುದನ್ನು ಹಾಗೇ ಇಳಿಸಿ ‘ಡೂಯಿಂಗ್ ಜಿಗರಿ-ಪೋಕರಿ’ ಎನ್ನುತ್ತಾರೆ. ವ್ಯಾಕರಣ ಕೆಡುವುದಿಲ್ಲ, ಆದರೆ ರುಚಿ ಹೋಗುತ್ತದೆ. ‘ಅಪ್ ಟು’ದಲ್ಲಿ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂಬ ವಾಸನೆ ಇದೆ, ‘ಡೂಯಿಂಗ್’ನಲ್ಲಿ ಅದಿಲ್ಲ. ಇನ್ನು ಇದನ್ನೇ ಕ್ರಿಯಾಪದ ಮಾಡಿ ‘ಹೀ ಜಿಗರಿ-ಪೋಕರೀಡ್ ದ ಬಿಲ್’ ಎನ್ನುವುದು ಬೇಡ.

ಮುಂದೆ ಗುಣವಾಚಕ ಬೇಕಾದರೆ ಕ್ಷೇತ್ರವನ್ನು ಹೇಳುವುದನ್ನು ಇಡಿ. ‘ಫೈನಾನ್ಷಿಯಲ್’, ‘ಅಕೌಂಟಿಂಗ್’, ‘ಲೀಗಲ್’, ‘ಸ್ಟ್ಯಾಟಿಸ್ಟಿಕಲ್’, ‘ಟೆಕ್ನಿಕಲ್’ ಎಲ್ಲವೂ ಒಗ್ಗುತ್ತವೆ. ‘ವೆರಿ ಬಿಗ್’ ಒಗ್ಗದು.

ಪೋಕರಿ ಎಂಬ ನಮ್ಮ ಪದ ಬಲೆ ಬೀಸುವುದೂ ಇಲ್ಲೇ. ಕನ್ನಡದಲ್ಲಿ ಪೋಕರಿ ಒಬ್ಬ ಮನುಷ್ಯ. ಅವನ ಕೆಲಸಕ್ಕೆ ಪೋಕರಿತನ ಎನ್ನುತ್ತೇವೆ. ಇಂಗ್ಲಿಷಿನ ಜಿಗರಿ-ಪೋಕರಿ ಬರೀ ಕೆಲಸ, ಮನುಷ್ಯನಲ್ಲ. ಹಾಗಾಗಿ ‘ಹೀ ಈಸ್ ಎ ಜಿಗರಿ-ಪೋಕರಿ’ ಎಂಬ ವಾಕ್ಯ ಕನ್ನಡಿಗನ ಬಾಯಲ್ಲಿ ಮಾತ್ರ ಹುಟ್ಟಬಲ್ಲದು. ಮನುಷ್ಯನಿಗೇ ಪದ ಬೇಕಿದ್ದರೆ ‘ಟ್ರಿಕ್‌ಸ್ಟರ್’, ‘ಕ್ರೂಕ್’ ಇವೆ.

ಮಾತಿನಲ್ಲಿ ಹೇಗೆ ಬರುತ್ತದೆ ಎಂಬುದಕ್ಕೆ, ಸೊಸೈಟಿಯ ವಾರ್ಷಿಕ ಸಭೆಗೆ ಮುಂಚೆ ಮೆಟ್ಟಿಲ ಮೇಲೆ ಇಬ್ಬರ ನಡುವಿನ ಮಾತು ಹೀಗಿದ್ದೀತು:

‘ಶೆಟ್ರೇ, ಪೇಂಟಿಂಗ್‌ನ ಕೊಟೇಶನ್ ಮೂರು ಬಂದದ್ದಲ್ವಾ? ಮೂರರಲ್ಲೂ ಸ್ಪೆಲಿಂಗ್ ಮಿಸ್ಟೇಕು ಒಂದೇ ಉಂಟು ಮಾರಾಯ್ರೇ.’

‘ಹೌದಾ ಭಟ್ರೇ? ಎಲ್ಲಿ?’

‘ನೋಡಿ, ಸ್ಕಾಫೋಲ್ಡಿಂಗ್. ಮೂರೂ ಕಂಪನಿಯವರಿಗೆ ಒಂದೇ ಎಫ್ ಕಮ್ಮಿ. ಸಮ್ ಜಿಗರಿ-ಪೋಕರಿ, ಐ ಥಿಂಕ್.’

ಭಟ್ಟರು ಯಾರ ಹೆಸರನ್ನೂ ಎತ್ತಲಿಲ್ಲ, ಯಾರನ್ನೂ ಕಳ್ಳ ಎನ್ನಲಿಲ್ಲ. ಮೂರು ಕೊಟೇಶನ್ನೂ ಒಂದೇ ಕಂಪ್ಯೂಟರಿನಿಂದ ಹೊರಟಿವೆ ಎಂಬುದು ಮಾತ್ರ ಶೆಟ್ಟರ ತಲೆಗೆ ಹೋಯಿತು. ಕೊನೆಗೆ ‘ಐ ಥಿಂಕ್’ ಇಟ್ಟದ್ದನ್ನೂ ಗಮನಿಸಿ. ಈ ಪದ ಅನುಮಾನಕ್ಕೆ ಹೇಳಿಮಾಡಿಸಿದ್ದು, ತೀರ್ಪಿಗಲ್ಲ.

ಮೋಸವೇ ಇಲ್ಲದ ಇನ್ನೊಂದು ಅರ್ಥ

ಬ್ರಿಟನ್ನಿನ ಎಂಜಿನಿಯರುಗಳು, ಕಂಪ್ಯೂಟರಿನವರು ಇದನ್ನು ಬೇರೆ ಥರ ಬಳಸುತ್ತಾರೆ. ‘ವಿತ್ ಎ ಬಿಟ್ ಆಫ್ ಜಿಗರಿ-ಪೋಕರಿ, ವಿ ಗಾಟ್ ದ ಓಲ್ಡ್ ಪ್ರಿಂಟರ್ ವರ್ಕಿಂಗ್.’ ಇಲ್ಲಿ ವಂಚನೆ ಇಲ್ಲ. ಕೈಪಿಡಿಯಲ್ಲಿಲ್ಲದ ಏನೇನೋ ಸರ್ಕಸ್ ಮಾಡಿ, ತಂತಿ ಅತ್ತಿತ್ತ ಜೋಡಿಸಿ, ಸೆಟ್ಟಿಂಗ್ ತಿರುಗಿಸಿ, ಅಂತೂ ನಡೆಯುವಂತೆ ಮಾಡಿದೆವು ಎಂದರ್ಥ. ನಮ್ಮ ಜುಗಾಡ್, ಕಸರತ್ತು. ಪುಣೆಯ ಹಿಂಜವಡಿಯಲ್ಲೋ ನವಿ ಮುಂಬಯಿಯ ಐರೋಳಿಯಲ್ಲೋ ಕೂತು ಲಂಡನ್ನಿನ ತಂಡದೊಡನೆ ಕೆಲಸ ಮಾಡುವವರಿಗೆ ಎದುರಾಗುವುದು ಹೆಚ್ಚಾಗಿ ಈ ಅರ್ಥವೇ. ಅಲ್ಲಿಂದ ‘ಇಟ್ ನೀಡ್ಸ್ ಸಮ್ ಜಿಗರಿ-ಪೋಕರಿ’ ಎಂದು ಬಂದರೆ, ನಮ್ಮ ಮೇಲೆ ಆರೋಪ ಹೊರಿಸಿದರು ಎಂದು ಮ್ಯಾನೇಜರ ಬಳಿ ಓಡಬೇಡಿ.

ಎರಡನ್ನೂ ಬೇರ್ಪಡಿಸಲು ಒಂದು ಸುಲಭದ ಗುರುತು: ‘ವಿತ್ ಎ ಬಿಟ್ ಆಫ್’ ಎಂದು ಶುರುವಾಗಿ, ಮಾಡಿದವರು ‘ವಿ’ ಎಂದಾದರೆ ಜುಗಾಡ್. ‘ಗೋಯಿಂಗ್ ಆನ್’ ಎಂದು ಮುಗಿದು, ಮಾಡಿದವರು ‘ದೇ’ ಆಗಿದ್ದರೆ ಅಥವಾ ಯಾರೂ ಇಲ್ಲದಿದ್ದರೆ ಝೋಲ್. ನಾವು ಮಾಡಿದರೆ ಜಾಣ್ಮೆ, ಅವರು ಮಾಡಿದರೆ ಮೋಸ. ಇದರಲ್ಲಿ ಇಂಗ್ಲಿಷರನ್ನು ಮಾತ್ರ ನಗುವಂತಿಲ್ಲ. ನಮ್ಮ ‘ಕೈಚಳಕ’ವೂ ಹೀಗೆಯೇ. ಅಕ್ಕಸಾಲಿಗನ ಕೈಚಳಕ ಎಂದರೆ ಹೊಗಳಿಕೆ, ಪತ್ರಿಕೆಯಲ್ಲಿ ‘ಸರಗಳ್ಳರ ಕೈಚಳಕ’ ಎಂದರೆ ಪೊಲೀಸ್ ಕೇಸು.

ನೆರೆಹೊರೆಯ ಪದಗಳು, ಬೆರೆಸಬಾರದವು

ಇಂಗ್ಲಿಷಿನಲ್ಲಿ ಮೋಸಕ್ಕೆ ತಮಾಷೆಯ ಪದಗಳ ದಂಡೇ ಇದೆ. ಎಲ್ಲವೂ ಒಂದೇ ಎಂದುಕೊಂಡವರು ಒಂದು ದಿನ ‘ಹ್ಯಾಂಕಿ-ಪ್ಯಾಂಕಿ’ಗೆ ಬಲಿಯಾಗುತ್ತಾರೆ. ನಮ್ಮ ದೇಶದ ಹಳೆಯ ಕಚೇರಿ ಇಂಗ್ಲಿಷಿನಲ್ಲಿ ‘ನೋ ಹ್ಯಾಂಕಿ-ಪ್ಯಾಂಕಿ ಪ್ಲೀಸ್’ ಎಂದರೆ ‘ಆಟ ಆಡಬೇಡಿ’ ಎಂದಷ್ಟೇ ಇತ್ತು. ಹೊರದೇಶದವರ ಕಿವಿಗೆ ಈಗ ಅದು ಗಂಡು ಹೆಣ್ಣಿನ ಗುಟ್ಟಿನ ಸಂಬಂಧ. ‘ಅಕೌಂಟ್ಸ್ ವಿಭಾಗದಲ್ಲಿ ಹ್ಯಾಂಕಿ-ಪ್ಯಾಂಕಿ ನಡೆಯುತ್ತಿದೆ’ ಎಂದು ಬರೆದರೆ ಆಡಿಟರ ಬದಲು ಎಚ್‌ಆರ್‌ನವರು ಬಂದು ನಿಂತಾರು. ಮುಂಬಯಿಯ ‘ಲಫಡಾ’, ಮರಾಠಿಯ ‘ಭಾನಗಡ್’ ಎರಡಕ್ಕೂ ಈ ಎರಡು ಮುಖ ಉಂಟು. ಹುಬ್ಬಳ್ಳಿ-ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದವರು ‘ಭಾನಗಡಿ’ ಎನ್ನುವಾಗ ಬರೀ ರಗಳೆ ಎಂಬರ್ಥದಲ್ಲಿ ಎನ್ನುತ್ತಾರೆ, ಪಕ್ಕದ ಮರಾಠಿ ಮನೆಯವರು ಹುಬ್ಬೇರಿಸುತ್ತಾರೆ. ಅಂಥದೇ ಎಡವಟ್ಟು.

‘ಸ್ಕಲ್‌ಡಗರಿ’ ಇದಕ್ಕಿಂತ ಕಪ್ಪು. ಅಲ್ಲಿ ಸಂಚಿದೆ, ಮಸಲತ್ತಿದೆ. ರಾಜಕೀಯದ ಪುಟಕ್ಕೆ ಒಪ್ಪುತ್ತದೆ. ಅದರಲ್ಲಿ ತಲೆಬುರುಡೆ ಕೇಳಿಸಿದರೂ ಬುರುಡೆಗೂ ಅದಕ್ಕೂ ಸಂಬಂಧವಿಲ್ಲ, ಅದೂ ಸ್ಕಾಟ್ಲೆಂಡಿನ ಕೂಸೇ. ‘ಶನ್ಯಾನಿಗನ್ಸ್’ ಅಮೆರಿಕದ್ದು, ಹುಡುಗಾಟ ಹೆಚ್ಚು, ಸಾಮಾನ್ಯವಾಗಿ ಬಹುವಚನದಲ್ಲೇ ಬರುತ್ತದೆ. ಅಮೆರಿಕದ ಗ್ರಾಹಕರಿಗೆ ಬರೆಯುವಾಗ ಜಿಗರಿ-ಪೋಕರಿಯ ಜಾಗದಲ್ಲಿ ಅದನ್ನು ಅಥವಾ ‘ಫನ್ನಿ ಬಿಸಿನೆಸ್’ ಅನ್ನು ಹಾಕುವುದು ಮೇಲು. ‘ಬ್ಯಾಂಬೂಜಲ್’ ಕ್ರಿಯಾಪದ: ಮಾತಿನ ಮೋಡಿಯಲ್ಲಿ ತಬ್ಬಿಬ್ಬು ಮಾಡಿ ಟೋಪಿ ಹಾಕುವುದು. ಬಿದಿರು ಅಲ್ಲಿಲ್ಲ. ‘ಹುಡ್‌ವಿಂಕ್’ ಎಂದರೆ ಅಕ್ಷರಶಃ ಕಣ್ಣಿಗೆ ಬಟ್ಟೆ ಕಟ್ಟುವುದು, ನಮ್ಮ ‘ಕಣ್ಣಿಗೆ ಮಣ್ಣೆರಚು’ವಿನ ಸೋದರ. ‘ಹೋಕಸ್-ಪೋಕಸ್’ ಜಾದೂಗಾರನ ಮಂತ್ರ. ಸುಳ್ಳು ವೈದ್ಯ, ಪೊಳ್ಳು ಜ್ಯೋತಿಷ್ಯಕ್ಕೆ ಸರಿಹೊಂದುತ್ತದೆ.

ಇನ್ನು ‘ಶಿಕೇನರಿ’. ಸಿ-ಎಚ್ ಕಂಡ ಕೂಡಲೇ ‘ಚಿಕನರಿ’ ಎಂದು ಓದಿ ಕೋಳಿ ಸಾರು ನೆನಪಿಸಿಕೊಳ್ಳುವವರಿದ್ದಾರೆ. ಫ್ರೆಂಚಿನಿಂದ ಬಂದದ್ದಾದ್ದರಿಂದ ಮೊದಲಕ್ಷರ ‘ಶ’, ಒತ್ತು ‘ಕೇ’ ಮೇಲೆ. ವಕೀಲರ ಬಾಯಿಯ ಕುಯುಕ್ತಿ, ಕೊಕ್ಕೆ ವಾದ ಎಂಬರ್ಥ. ನಗು ಇಲ್ಲದ ಪದ. ಗಂಭೀರ ಬರಹದಲ್ಲಿ ಜಿಗರಿ-ಪೋಕರಿಯ ಬದಲಿಗೆ ಇದನ್ನು ಇಡಬಹುದು.

ಎಲ್ಲಿ ಹಾಕಬಾರದು

ಪೊಲೀಸ್ ದೂರಿನಲ್ಲಿ ಬೇಡ. ಹಣ ಹೋಗಿದ್ದರೆ ಕಾನೂನಿನ ಪದ ‘ಚೀಟಿಂಗ್’. ನಮ್ಮ ಬಾಯಲ್ಲಿ ಇನ್ನೂ ‘ಚಾರ್‌ಸೌ ಬೀಸ್’ ಓಡಾಡುತ್ತಿದ್ದರೂ 2024ರ ಜುಲೈ 1ರಿಂದ ಆ 420ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಬಂದಿದೆ. ಬ್ಯಾಂಕಿಗೆ ಬರೆಯುವಾಗ ‘ಅನ್‌ಆಥರೈಸ್ಡ್ ಟ್ರಾನ್ಸ್ಯಾಕ್ಷನ್’ ಎನ್ನಿ. ಸಹಕಾರ ಇಲಾಖೆಯ ಡೆಪ್ಯುಟಿ ರಿಜಿಸ್ಟ್ರಾರರಿಗೆ ಅರ್ಜಿ ಹಾಕುವಾಗ ‘ಇರ್‌ರೆಗ್ಯುಲ್ಯಾರಿಟಿ’ ಎಂದು ಬರೆದು ದಿನಾಂಕ, ಬಿಲ್ ಸಂಖ್ಯೆ, ಮೊತ್ತ ಕೊಡಿ. ಗುಮಾಸ್ತರು ನಗುವುದರಿಂದ ಅರ್ಜಿಯೇನೂ ಮುಂದೆ ಹೋಗುವುದಿಲ್ಲ.

ಮೊತ್ತ ದೊಡ್ಡದಾದಲ್ಲೂ ಬೇಡ. 1992ರಲ್ಲಿ ದಲಾಲ್ ಸ್ಟ್ರೀಟನ್ನು ಅಲ್ಲಾಡಿಸಿದ ಷೇರು ಹಗರಣದಲ್ಲಿ ನಡೆದದ್ದು, ಕ್ರಮದಲ್ಲಿ ನೋಡಿದರೆ, ಅಪ್ಪಟ ಜಿಗರಿ-ಪೋಕರಿಯೇ: ಬೆನ್ನಿಗೆ ಸೆಕ್ಯುರಿಟಿ, ಅಂದರೆ ಸಾಲಪತ್ರ, ಇಲ್ಲದ ಬ್ಯಾಂಕ್ ರಸೀದಿಗಳನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ತಿರುಗಿಸಿ, ಆ ಹಣವನ್ನು ಷೇರಿಗೆ ಸುರಿದದ್ದು. ಆದರೂ ಅದನ್ನು ಯಾರೂ ಹಾಗೆ ಕರೆಯಲಿಲ್ಲ. ಜನರ ಉಳಿತಾಯ ಮುಳುಗಿದಲ್ಲಿ ಕೊಂಕುನಗೆಯ ಪದ ಕ್ರೂರವಾಗಿ ಕೇಳಿಸುತ್ತದೆ. ‘ಸ್ಕ್ಯಾಮ್’, ‘ಫ್ರಾಡ್’ ಇರುವುದು ಅಂಥದ್ದಕ್ಕೆ. ಮೀಟರ್ ಬೇಗ ಓಡುವಂತೆ ಮಾಡಿದ ರಿಕ್ಷಾ, 450 ಚದರ ಅಡಿಯ ಮನೆಯನ್ನು ‘ಸೂಪರ್ ಬಿಲ್ಟ್-ಅಪ್’ ಎಂದು 650 ಮಾಡಿ ತೋರಿಸಿದ ಕರಪತ್ರ, ಸಭೆಯಲ್ಲಿ ಆಗದ ಠರಾವು ಮಿನಿಟ್ಸ್‌ನಲ್ಲಿ ಮೂಡಿಬಂದದ್ದು: ಜಿಗರಿ-ಪೋಕರಿಯ ಅಳತೆ ಇಷ್ಟು.

ವಾಟ್ಸ್ಯಾಪ್ ಗ್ರೂಪಿನಲ್ಲಿ ಒಬ್ಬರ ಹೆಸರು ಹಿಡಿದು ಇದನ್ನು ಬರೆಯುವುದು ಇನ್ನೂ ಅಪಾಯ. ಪದ ತಮಾಷೆಯದ್ದಾದ ಮಾತ್ರಕ್ಕೆ ಆರೋಪ ಹಗುರವಾಗುವುದಿಲ್ಲ. ಮಾನನಷ್ಟ ಈಗಿನ ಸಂಹಿತೆಯಲ್ಲಿ 356ನೇ ಕಲಮು. ‘ದೇರ್ ಸೀಮ್ಸ್ ಟು ಬಿ’ ಎಂಬ ಅಚ್ಚನ್ನು ಬಿಟ್ಟು ಹೊರಬರಬೇಡಿ, ಜೊತೆಗೆ ಯಾವ ಸಾಲು, ಯಾವ ತಿಂಗಳು ಎಂದು ಹೇಳಿ.

ಹಾಗಾದರೆ ಗಂಭೀರ ಕಾಗದದಲ್ಲಿ ಇದು ಎಂದೂ ಬಂದಿಲ್ಲವೆ? ಬಂದಿದೆ, ಬಂದಾಗ ಲೋಕವೇ ತಿರುಗಿ ನೋಡಿತು. 2015ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟು ಆರೋಗ್ಯ ವಿಮೆಯ ಕಾನೂನಿನ ಕುರಿತ ‘ಕಿಂಗ್ ವರ್ಸಸ್ ಬರ್ವೆಲ್’ ಮೊಕದ್ದಮೆಯಲ್ಲಿ 6-3ರ ತೀರ್ಪು ಕೊಟ್ಟಿತು. ಕಾನೂನಿನಲ್ಲಿ ವಿಮಾ ಮಾರುಕಟ್ಟೆಯ ಬಗ್ಗೆ ‘ರಾಜ್ಯವು ಸ್ಥಾಪಿಸಿದ’ ಎಂದಿದ್ದದ್ದಕ್ಕೆ ಕೇಂದ್ರ ಸರಕಾರ ಸ್ಥಾಪಿಸಿದ್ದೂ ಸೇರುತ್ತದೆ ಎಂಬಂತೆ ಬಹುಮತದ ನ್ಯಾಯಮೂರ್ತಿಗಳು ಓದಿದರು. ಭಿನ್ನಮತ ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಅದನ್ನು ‘ಇಂಟರ್‌ಪ್ರಿಟಿವ್ ಜಿಗರಿ-ಪೋಕರಿ’ ಎಂದರು, ಅರ್ಥ ಹೇಳುವ ನೆಪದಲ್ಲಿ ಮಾಡಿದ ಕರಾಮತ್ತು ಎಂಬಂತೆ. ಬಳಕೆ ಕರಾರುವಾಕ್ಕು: ಪದಗಳು ಕಾನೂನಿನಲ್ಲೇ ಇವೆ, ಯಾರೂ ಏನನ್ನೂ ಕದ್ದಿಲ್ಲ, ಅರ್ಥವನ್ನು ಮಾತ್ರ ಸರಿಸಿದ್ದಾರೆ ಎಂಬುದು ಅವರ ದೂರು. ಆದರೆ ಭಿನ್ನಮತಕ್ಕೆ ಇರುವ ಸಲಿಗೆ ನಮ್ಮ ಅಫಿಡವಿಟ್ಟಿಗೆ ಇರುವುದಿಲ್ಲ.

ಕನ್ನಡಕ್ಕೆ ತರುವಾಗ

ಸುದ್ದಿಯನ್ನು ಅನುವಾದಿಸುವವರು ಇದನ್ನು ‘ವಂಚನೆ’ ಎಂದು ಮುಗಿಸಿಬಿಡುತ್ತಾರೆ. ಅರ್ಥ ಹತ್ತಿರವೇ, ಮುಖಭಾವ ಬೇರೆ. ಲೆಕ್ಕದ ವಿಷಯವಾದರೆ ‘ಕಿತಾಪತಿ’ ಎಲ್ಲಕ್ಕಿಂತ ಒಳ್ಳೆಯದು. ‘ಗೋಲ್‌ಮಾಲ್’ ಒಂದು ಮಣ ಭಾರ ಜಾಸ್ತಿ, ತನಿಖೆ ಶುರುವಾದ ಮೇಲಿನ ಮಾತು. ಅಂಕಿಅಂಶವಾದರೆ ‘ಕರಾಮತ್ತು’, ಕಾನೂನಾದರೆ ‘ತಿರುಚಾಟ’, ಯಂತ್ರವಾದರೆ ‘ಕಸರತ್ತು’. ‘ಪಂಗನಾಮ’, ‘ಕಿವಿಗೆ ಹೂವಿಡುವುದು’, ‘ಚಳ್ಳೆಹಣ್ಣು ತಿನ್ನಿಸುವುದು’ ಇವೆಲ್ಲ ಮೋಸಹೋದವನ ಕಡೆಯಿಂದ ನೋಡಿದ ಮಾತುಗಳು. ಅಲ್ಲಿ ಒಬ್ಬ ಬಲಿಪಶು ಬೇಕೇ ಬೇಕು. ಜಿಗರಿ-ಪೋಕರಿಗೆ ಬಲಿಪಶು ಬೇಕಿಲ್ಲ, ಕೈಯಾಟ ಇದ್ದರೆ ಸಾಕು. ‘ಟೋಪಿ ಹಾಕುವುದು’ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಅರ್ಥದಲ್ಲಿರುವುದರಿಂದ ಮುಂಬಯಿಯ ಓದುಗರಿಗೆ ಬೇಗ ಹತ್ತುತ್ತದೆ, ಆದರೆ ಅದೂ ತಲೆಯೊಂದನ್ನು ಕೇಳುತ್ತದೆ.

ನೀವೇ ಸೊಸೈಟಿಯ ಖಜಾಂಚಿಯಾಗಿದ್ದು, ತುಂಬಿದ ಸಭೆಯಲ್ಲಿ ಯಾರಾದರೂ ‘ವಾಟ್ ಈಸ್ ಆಲ್ ದಿಸ್ ಜಿಗರಿ-ಪೋಕರಿ?’ ಎಂದು ಎದ್ದು ನಿಂತರೆ, ‘ಹೌ ಡೇರ್ ಯೂ’ ಎಂದು ಹಾರಾಡಬೇಡಿ. ಅವರು ನಿಮ್ಮನ್ನು ಕಳ್ಳ ಎಂದಿಲ್ಲ, ಒಂದು ಸಾಲು ಜಾಗ ಬದಲಿಸಿದೆ ಎಂದಿದ್ದಾರೆ, ಅಷ್ಟೆ. ಪುಸ್ತಕವನ್ನು ಅವರ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು, ‘ವಿಚ್ ಎಂಟ್ರಿ?’ ಎಂದು ಕೇಳಿ.